ಕಾಗಿಣಾ ಮಡುವಿನ ಮೀನು

ಶಹಾಬಾದಿನಿಂದ ಸ್ವಲ್ಪ ದೂರ, ಕಾಗಿಣಾ ಹೊಳೆಯ ದಂಡೆಯಲ್ಲಿ ನಮ್ಮ ಮನೆಯಿತ್ತು. ಅಪ್ಪ ಬಲೆ ಬೀಸುತ್ತಿದ್ದ. ಅವ್ವ ಬುಟ್ಟಿ ಹೊತ್ತು ಕಾರ್ಮಿಕರ ಕ್ವಾರ್ಟರ್ಸ್‌ಗಳಲ್ಲಿ ಮೀನು ಮಾರುತ್ತಿದ್ದಳು. ಮುಂಗಾರಿನ ಮೊದಲಿಗೆ ಮಿರಗದ ಮಳೆ ಬಿದ್ದು ಹೊಸ ನೀರು ಬಂದಾಗ ಮೀನುಗಳು ತತ್ತಿ ಇಡಲು ಊರ ಕೆಳಗಿನ ಆಳವಾದ ಮಡುವಿಗೆ ಬರುತ್ತಿದ್ದವು. ಆ ಎರಡು ತಿಂಗಳು ಅಲ್ಲಿ ಯಾರೂ ಬಲೆ ಹಾಕಬಾರದೆಂದು ನಮ್ಮ ಓಣಿಯ ಮೀನುಗಾರರನ್ನೆಲ್ಲ ಒಪ್ಪಿಸಿದವನು ಅಪ್ಪನೇ.

ಆಗ ಹೊಳೆಯ ಬೇರೆ ಕಡೆ ಮೀನು ಸಿಗುತ್ತಿರಲಿಲ್ಲ; ಬಲೆ ನಿಂತರೆ ಮನೆಯಲ್ಲಿ ಹಿಟ್ಟು ಮುಗಿಯುತ್ತಿತ್ತು. ಅವ್ವ ರಸ್ತೆ ಕೆಲಸಕ್ಕೆ ಮಣ್ಣು ಹೊರಲು ಹೋಗುತ್ತಿದ್ದಳು. ನನಗೆ ಹನ್ನೆರಡು ವರ್ಷವಿದ್ದಾಗ ಒಂದು ಮಳೆಗಾಲದಲ್ಲಿ ಅವಳು ಜಾರಿ ಬಿದ್ದು ಸೊಂಟ ನೋಯಿಸಿಕೊಂಡಳು. ಮೂರನೆಯ ದಿನವೇ ಮತ್ತೆ ಕೆಲಸಕ್ಕೆ ಎದ್ದಳು. ಅಣ್ಣ ಬಾಗಿಲಲ್ಲಿ ನಿಂತು ನೋಡಿದ. ಅವನು ಬಾವಿ ತೋಡುವವರ ಜೊತೆ ಮದ್ದಿಟ್ಟು ಬಂಡೆ ಒಡೆಯುವ ಕೆಲಸಕ್ಕಿದ್ದ.

ಮರುದಿನ ಮುಂಜಾನೆ ಹೊಳೆಯ ಕಡೆಯಿಂದ ನೆಲ ನಡುಗುವಂಥ ಸದ್ದು ಬಂತು. ಓಣಿಯವರೆಲ್ಲ ಓಡಿಹೋದೆವು. ಅಣ್ಣ ಮಡುವಿಗೆ ಮದ್ದಿನ ತೋಟಾ ಎಸೆದಿದ್ದ. ತೋಳುದ್ದದ ಬಾಳೆಮೀನು, ಬೆರಳುದ್ದದ ಮರಿ, ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೆಲವುಗಳ ಹೊಟ್ಟೆ ಒಡೆದು ಹಳದಿ ತತ್ತಿ ನೀರಿನ ಮೇಲೆ ಹರಡಿತ್ತು. ಅಣ್ಣ ಮೊಣಕಾಲುದ್ದ ನೀರಿನಲ್ಲಿ ನಿಂತು ಬುಟ್ಟಿ ತುಂಬುತ್ತಿದ್ದ.

"ಅವ್ವ ಇನ್ನ ಮಣ್ಣ ಹೊರಾದು ಬ್ಯಾಡ," ಎಂದ, ಅಪ್ಪನ ಮುಖ ನೋಡದೆ.

ಅವ್ವ ಆ ಮೀನು ಮಾರಲಿಲ್ಲ, ಚೆಲ್ಲಲೂ ಇಲ್ಲ. ಒಂದಷ್ಟನ್ನು ಸಾರು ಮಾಡಿದಳು. ಅಪ್ಪ ಉಣ್ಣಲಿಲ್ಲ. ನಾನು ಉಂಡೆ. ಹಸಿದಿದ್ದೆ, ರುಚಿಯಾಗಿಯೇ ಇತ್ತು.

ಸಂಜೆ ಅಪ್ಪ ಓಣಿಯವರನ್ನು ಕರೆಸಿದ. "ಮದ್ದು ಹಾಕಿದಾಂವ ನನ್ನ ಮಗಾ. ಬ್ಯಾರೇದವರು ಹಾಕಿದ್ರ ಒಂದು ವರ್ಷ ಅವರು ಹೊಳ್ಯಾಗ ಬಲಿ ಹಾಕೂದು ಬಂದ್ ಮಾಡ್ತಿದ್ವಿ. ನನಗೂ ಅದೇ ಮಾಡ್ರಿ."

"ನಿಂದೇನ್ ತಪ್ಪದ ಕಾಕಾ?" ಎಂದ ಪಕ್ಕದ ಮನೆಯವ.

"ಮನಿ ಒಂದೇ ಅದಲ್ಲಪಾ," ಎಂದ ಅಪ್ಪ.

ಬಲೆ ಮಡಚಿಟ್ಟು ಅವನು ವಾಡಿ ಜಂಕ್ಷನ್‌ಗೆ ಹೋಗಿ ಗೂಡ್ಸ್ ಗಾಡಿಗೆ ಕಲ್ಲು ತುಂಬತೊಡಗಿದ. ಅಣ್ಣ ಬಾವಿಯವರ ಹಿಂದೆ ಸೇಡಂ ಕಡೆ ಹೊರಟ. ಅಪ್ಪ ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಅವ್ವ ರೊಟ್ಟಿ ಕಟ್ಟಿ ಕೊಟ್ಟಳು.

ಆದರೆ ಒಂದೇ ಸದ್ದಿಗೆ ಎಷ್ಟು ಮೀನು ಸಿಗುತ್ತದೆಂದು ಓಣಿಯವರು ನೋಡಿಬಿಟ್ಟಿದ್ದರು. ಚಳಿಗಾಲದೊಳಗೆ ಮಡುವಿನಲ್ಲಿ ಮತ್ತೆರಡು ಸಲ ಸದ್ದಾಯಿತು. ಯಾರು ಎಂದು ಯಾರೂ ಕೇಳಲಿಲ್ಲ. ಬೇಸಿಗೆಯಲ್ಲಿ ಬಲೆ ಹಾಕಿದವರು ಬರಿಗೈಯಲ್ಲಿ ಬಂದರು.

ವರ್ಷ ತುಂಬಿ, ಮೀನು ತತ್ತಿ ಇಡುವ ಎರಡು ತಿಂಗಳೂ ಮುಗಿದಾಗ ಇಬ್ಬರು ಹಿರಿಯರು ಮನೆಗೆ ಬಂದರು. "ನಿನ್ನ ವರ್ಷ ಮುಗೀತು. ನಾಳಿಂದ ಬಲಿ ತಗೊಂಡ್ ಬಾ," ಎಂದರು.

ಅಪ್ಪ ಅವರನ್ನು ಕೂಡಿಸಿ ಚಾ ಕೊಡಿಸಿದ. "ಯಾತಕ್ಕ ಬರ್ಲಿ?" ಎಂದು ಮೆಲ್ಲಗೆ ಕೇಳಿದ. ಅವರು ಚಾ ಕುಡಿದು ಎದ್ದು ಹೋದರು.

ಅಪ್ಪ ಕೊನೆತನಕ ವಾಡಿಯಲ್ಲೇ ಕಲ್ಲು ತುಂಬಿದ. ಅವ್ವ ಕಡಲ ಕಡೆಯಿಂದ ರೈಲಿನಲ್ಲಿ ಬರುತ್ತಿದ್ದ ಒಣಮೀನು ಕೊಂಡು ತಂದು ಮಾರಿದಳು. ಹೊಳೆಯ ಮೀನು ಇಲ್ಲವೇ ಎಂದು ಗಿರಾಕಿಗಳು ಒಂದೆರಡು ವರ್ಷ ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟರು.