ವೈನಿ ಕೇಳಿದ ಗುಳಿಗೆ

ಚಿಕ್ಕೋಡಿಯ ದವಾಖಾನೆಯಲ್ಲಿ ಅಣ್ಣ, ವೈನಿ, ನಾನು ನಮ್ಮ ಪಾಳಿಗೆ ಕಾಯುತ್ತ ಕೂತಿದ್ದೆವು. ಪಕ್ಕದ ಮೆಡಿಕಲ್ ಅಂಗಡಿಗೆ ಒಬ್ಬಾತ ಬಂದು, ಮನೆಯಲ್ಲಿ ಪೂಜೆ ಇದೆ, ಮುಟ್ಟು ಮುಂದೆ ಹೋಗುವ ಗುಳಿಗೆ ಕೊಡಿ ಎಂದ. ಅಂಗಡಿಯವನು ಒಂದು ಮಾತೂ ಕೇಳದೆ ಕಾಗದದಲ್ಲಿ ಸುತ್ತಿಕೊಟ್ಟ. ನನಗೆ ಮೈಯೆಲ್ಲ ಉರಿಯಿತು. ಇಷ್ಟಕ್ಕೇ ಇಷ್ಟು ಸಿಟ್ಟೇ ಎನ್ನಬೇಡಿ, ನಮ್ಮ ವೈನಿಯ ಕತೆ ಕೇಳಿ ಆಮೇಲೆ ಹೇಳಿ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ದಿಗ್ಗೇವಾಡಿಯ ನಮ್ಮ ಮನೆಗೆ ಬಂದಾಗಿನಿಂದ ನವರಾತ್ರಿಯಲ್ಲಿ ದೇವಿಯ ಘಟ ಹಾಕಿ ಪೂಜಿಸುವವಳು ಅವಳೇ. ಘಟವಿದ್ದಷ್ಟು ದಿನ ಮುಟ್ಟಾಗುವಂತಿಲ್ಲ. ಹಾಗಾಗಿ ಎಣ್ಣೆ ಬೆಲ್ಲದ ಜೊತೆ ಅವ್ವ ಆ ಗುಳಿಗೆಯನ್ನೂ ತರಿಸುತ್ತಿದ್ದಳು. ಮದುವೆಗೂ ಗುಳಿಗೆ, ಸತ್ಯನಾರಾಯಣ ಪೂಜೆಗೂ ಗುಳಿಗೆ. ನಾನು ಮದುವೆಯಾಗಿ ಅಥಣಿಗೆ ಹೋದಾಗ ಈ ಗುಳಿಗೆಯಿಂದ ಪಾರಾದೆ ಎಂದುಕೊಂಡಿದ್ದೆ, ನನ್ನ ಅತ್ತೆಯ ಗುಳಿಗೆ ಡಬ್ಬಿ ಇನ್ನೂ ದೊಡ್ಡದಿತ್ತು. ಗುಳಿಗೆ ನುಂಗಿ ತಲೆ ಸುತ್ತುತ್ತದೆ ಎಂದು ವೈನಿ ಅಂದರೆ, ನಮ್ಮ ಮನೆಯವರು ಚಹಾ ಕುಡಿ ಎನ್ನುತ್ತಿದ್ದರು. ಆ ಗುಳಿಗೆಯೂ ಹಾರ್ಮೋನೇ, ಎಲ್ಲರ ಮೈಗೂ ಒಗ್ಗುವುದಿಲ್ಲ ಎಂದು ಯಾರೂ ಹೇಳಲಿಲ್ಲ.

ಈಗ ಅವಳಿಗೆ ಅರವತ್ತು ದಾಟಿದೆ. ಮುಟ್ಟು ನಿಂತು ಹತ್ತು ವರ್ಷದ ಮೇಲಾಯಿತು, ಮೈಯ ಕಾವು ಮಾತ್ರ ನಿಂತಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಒಮ್ಮೆಲೇ ಬೆವತು ಹಿತ್ತಲಿಗೆ ಓಡುತ್ತಾಳೆ. ನಿದ್ದೆಯಂತೂ ಇಲ್ಲ. ಹೋದ ವಾರ ಇದೇ ದವಾಖಾನೆಯ ಡಾಕ್ಟರಬಾಯಿ ಬಿಡಿಸಿ ಹೇಳಿದರು. ಮುಟ್ಟು ನಿಂತ ಹೊಸದರಲ್ಲೇ ಬಂದಿದ್ದರೆ ಹಾರ್ಮೋನ್ ಗುಳಿಗೆಯಿಂದ ಲಾಭ ಹೆಚ್ಚು, ಅಪಾಯ ಕಡಿಮೆ. ಈಗ ಶುರು ಮಾಡಿದರೂ ಕಾವು ಇಳಿದೀತು, ನಿದ್ದೆ ಬಂದೀತು, ಎಲುಬಿಗೂ ಒಳ್ಳೆಯದು. ಆದರೆ ರಕ್ತ ಹೆಪ್ಪುಗಟ್ಟುವ, ಲಕ್ವಾ ಹೊಡೆಯುವ, ಹೃದಯಕ್ಕೆ ತೊಂದರೆಯಾಗುವ ಭಯ ಜಾಸ್ತಿ. ಹಾರ್ಮೋನಲ್ಲದ ಔಷಧಗಳೂ ಇವೆ, ತಪಾಸಣೆ ಮಾಡಿಸಿ ವಿಚಾರ ಮಾಡೋಣ ಎಂದರು.

ಮುಟ್ಟು ನಿಂತ ಆ ಹೊಸದರಲ್ಲೇ ವೈನಿ ದವಾಖಾನೆಗೆ ಕರೆದುಕೊಂಡು ಹೋಗಿ ಎಂದು ಕೇಳಿದ್ದಳು. ಎಲ್ಲ ಹೆಂಗಸರಿಗೂ ಆಗುವುದೇ ಎಂದು ಅಣ್ಣ ತಳ್ಳಿಹಾಕಿದ್ದ. ಹೋದ ವಾರ ಮನೆಗೆ ಮರಳುವಾಗ ಅವನೇ ಅಂದ:

"ಹಾರ್ಮೋನ್ ಅಂದ್ರ ಹುಡುಗಾಟ ಅಲ್ಲ. ಈ ವಯಸ್ಸಿನ್ಯಾಗ ಯಾಕ ಬೇಕ ಅಪಾಯ?"

ದೇವರ ಹೆಸರಿನಲ್ಲಿ ನುಂಗಿಸುವಾಗ ಯಾರ ಬಾಯಲ್ಲೂ ಬಾರದ ಅಪಾಯ, ಅವಳು ನಿದ್ದೆ ಬೇಕು ಎಂದ ಕೂಡಲೇ ಎಲ್ಲಿಂದ ಬಂತು? ಡಾಕ್ಟರಬಾಯಿ ಹೇಳಿದ ಅಪಾಯ ಖರೆ. ನನ್ನ ಸಿಟ್ಟು ಅದರ ಮೇಲಲ್ಲ.

ಅಷ್ಟರಲ್ಲಿ ವೈನಿಯ ಹೆಸರು ಕರೆದರು. ಡಾಕ್ಟರಬಾಯಿ ತಪಾಸಣೆಯ ರಿಪೋರ್ಟ್ ನೋಡಿ, ಏನು ಮಾಡೋಣ ಎಂದು ವೈನಿಯನ್ನು ಕೇಳಿದರು. ಅಣ್ಣ ಬಾಯಿ ತೆರೆದ. ನಾನೂ ತೆರೆದೆ, ದಾರಿಯುದ್ದಕ್ಕೂ ತಯಾರು ಮಾಡಿಕೊಂಡ ಜಗಳ ನನ್ನಲ್ಲಿ ಬೇಕಾದಷ್ಟಿತ್ತು.

"ನೀವಿಬ್ಬರೂ ಹೊರಗ ಕುಂದರ್ರಿ," ಅಂದಳು ವೈನಿ. "ನುಂಗೂದೋ ಬಿಡೂದೋ, ನಾ ಎಲ್ಲಾ ಕೇಳಿ ಹೇಳ್ತೀನಿ."

ನಾನು ಬಾಗಿಲು ತೆರೆದು ಅಣ್ಣನನ್ನು ಮುಂದೆ ಬಿಟ್ಟೆ. ಈಗ ಬೆಂಚಿನ ಮೇಲೆ ಕೂತಿದ್ದೇವೆ. ಒಳಗೆ ವೈನಿ ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಿರುವುದು ಕೇಳಿಸುತ್ತಿದೆ. ಬಹಳ ಹೊತ್ತಾಯಿತು ಎಂದು ಅಣ್ಣ ಗಡಿಯಾರ ನೋಡುತ್ತಿದ್ದಾನೆ. ನೋಡಲಿ.