ಅಳಿಯನ ಪ್ಯಾಚಿಗೆ ಬಿದ್ದ ಅರಿಶಿನ

ಪುಟ್ಟಿ, ಚಿನ್ನು, ನಿಮ್ಮಪ್ಪನ ಜಾಕೀಟಿನ ಬೆನ್ನ ಮೇಲೆ ಆ ಹಳದಿ ಕಲೆ ಹೇಗೆ ಬಂತೆಂದು ಕೇಳುತ್ತಲೇ ಇರುತ್ತೀರಿ. ಎದುರು ಕೂತು ಹೇಳಲು ಈ ಅಜ್ಜಿಗೆ ನಾಚಿಕೆ. ಬರೆದಿಡುತ್ತೇನೆ.

ನಿಮ್ಮಪ್ಪ ದಾವಣಗೆರೆಯಲ್ಲಿ ಮೇಸನ್ನರ ಲಾಡ್ಜಿನ ಸದಸ್ಯರು. ಉಳಿದುಕೊಳ್ಳುವ ಲಾಡ್ಜಲ್ಲ, ದೊಡ್ಡ ಮನುಷ್ಯರು ಬಾಗಿಲು ಹಾಕಿಕೊಂಡು ಒಬ್ಬರನ್ನೊಬ್ಬರು ‘ಬ್ರದರ್’ ಎಂದು ಕರೆಯುವ ಸಂಘ. ಅದರೊಳಗೆ ಬೈಕಿನವರದು ಇನ್ನೊಂದು ಸಂಘ. ಸೇರಬೇಕೆಂದರೆ ಮೊದಲು ಲಾಡ್ಜಿನವರಾಗಿರಬೇಕು, ಬೈಕು ಗುಡುಗಬೇಕು, ವರ್ಷವಿಡೀ ಸಾಲಿನ ಕೊನೆಯಲ್ಲಿ ಓಡಿಸುತ್ತ ಎಲ್ಲರ ನೀರಿನ ಬಾಟಲಿ ಹೊರಬೇಕು. ಆಮೇಲೆ ತೋಳಿಲ್ಲದ ತೊಗಲಿನ ಜಾಕೀಟಿನ ಬೆನ್ನಿಗೆ ಪ್ಯಾಚ್ ಸಿಗುತ್ತದೆ: ಬಿಳಿ ಬಟ್ಟೆಯ ಮೇಲೆ ಲಾಡ್ಜಿನ ಗುರುತಾದ ಕೈವಾರ, ಮೂಲೆಮಟ್ಟ. ಅದನ್ನು ಹೆಂಗಸರು ತೊಡುವಂತಿಲ್ಲ, ನೆಲಕ್ಕೆ ತಾಗಿಸುವಂತಿಲ್ಲ, ಅದರ ಮೇಲೆ ಬೇರೆ ಗುರುತು ಇರುವಂತಿಲ್ಲ, ಸಂಘ ಬಿಟ್ಟರೆ ವಾಪಸು ಕೊಡಬೇಕು. ನನ್ನ ಅತ್ತೆಯ ಮಡಿಸೀರೆಗೂ ಇಷ್ಟು ಕಟ್ಟಳೆ ಇರಲಿಲ್ಲ.

ಪ್ಯಾಚ್ ಕೊಡುವ ಸಮಾರಂಭ ಹರಿಹರದ ನನ್ನ ಮನೆಯಲ್ಲಿ ಎಂದಾಯಿತು. ಹೊಳೆ ನೋಡಿದಂತೆಯೂ ಆಗುತ್ತದೆ, ತಿಂಡಿಯೂ ಆಗುತ್ತದೆ ಎಂದು. ಸಂಘದ ಅಧ್ಯಕ್ಷರು ಹಿಂದಿನ ದಿನವೇ ಜಾಕೀಟು ತಂದು ಕೊಟ್ಟರು.

“ಅಮ್ಮಾರೆ, ನಿಮ್ಮ ಅಳಿಯ ನೋಡಬಾರ್ದು. ಜ್ವಾಕಿಯಾಗಿ ಇಡ್ರಿ.”

ಅದಕ್ಕಾಗಿ ನಿಮ್ಮಪ್ಪ ಹೇಗೆ ಕಾದಿದ್ದರೆಂದು ನಾನು ಬಲ್ಲೆ. ದೇವರ ಮನೆಯಲ್ಲೇ ಇಟ್ಟೆ.

ಹೊಸ ಬಟ್ಟೆ ತೊಡುವ ಮುಂಚೆ ಅದರ ಮೂಲೆಗೆ ಅರಿಶಿನ ಹಚ್ಚುವುದು ನಮ್ಮ ಪದ್ಧತಿ. ಗಂಡನಿಲ್ಲದವಳು ಹಚ್ಚಬಾರದೆಂದು, ಪುಟ್ಟಿ, ನಿನ್ನನ್ನು ಕರೆದೆ. ನೀನಾಗ ಇನ್ನೂ ಅಂಗನವಾಡಿಯ ಕೂಸು. ಮೂಲೆಗೆ ಎಂದಿದ್ದೆ. ನಿನ್ನದು ಧಾರಾಳ ಕೈ. ನೀನು ಹೆಬ್ಬೆಟ್ಟು ಅದ್ದಿ ಕೈವಾರದ ನಟ್ಟನಡುವೆ ಒತ್ತಿದೆ. ಒರೆಸಿದಷ್ಟೂ ಹರಡಿತು. ನಾನು ಮಡಚಿಟ್ಟು ದೇವರ ಮೇಲೆ ಭಾರ ಹಾಕಿದೆ.

ಬೆಳಿಗ್ಗೆ ಬೈಕುಗಳು ಬಂದವು, ಒಂದೊಂದರ ಹ್ಯಾಂಡಲಿಗೂ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಕೊಂಡು. ‘ವಿಧವೆಯರಿಗೆ, ಅನಾಥರಿಗೆ ನೆರಳಾಗುವುದೇ ನಮ್ಮ ವ್ರತ’ ಎಂದು ಅಧ್ಯಕ್ಷರು ಭಾಷಣ ಮಾಡುವಾಗ ಮನೆಯ ವಿಧವೆ ಒಳಗೆ ಒಲೆ ಮುಂದೆ ಮಿರ್ಚಿ ಕರಿಯುತ್ತಿದ್ದಳು.

ಜಾಕೀಟು ಬಿಡಿಸಿದರು. ಅಧ್ಯಕ್ಷರು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

“ಏನ್ರಿ ಇದು, ಪ್ಯಾಚ್ ಮ್ಯಾಲೆ ಅರಿಶಿಣ! ರೂಲ್ ಪ್ರಕಾರ ಇದನ್ನ ಕೊಡಂಗಿಲ್ಲ. ಬ್ರದರ್, ಇನ್ನೊಂದ್ ವರ್ಷ ಕಾಯ್ಬೇಕಾಗ್ತೈತೆ.”

ನಿಮ್ಮಪ್ಪನ ಮುಖ ನೋಡಲಾಗಲಿಲ್ಲ.

ತಿಂಡಿಗೆ ಕೂತಾಗ ಸೆಕೆಗೆ ಅಧ್ಯಕ್ಷರು ತಮ್ಮ ಜಾಕೀಟು ಬಿಚ್ಚಿ ಕುರ್ಚಿಗೆ ಹಾಕಿದರು. ಮಂಡಕ್ಕಿ ಬಡಿಸುತ್ತಿದ್ದ ನನ್ನ ಕಣ್ಣು ಅವರ ಪ್ಯಾಚಿನ ಕೆಳಮೂಲೆಗೆ ಹೋಯಿತು. ಅಲ್ಲೊಂದು ಹಳದಿ ಬೊಟ್ಟು. ಗಂಡಸರ ಮುಂದೆ ಮಾತಾಡಿದವಳಲ್ಲ ನಾನು. ಅವತ್ತು ಪಾತ್ರೆ ಬಿಗಿಯಾಗಿ ಹಿಡಿದುಕೊಂಡು ಹೇಳಿದೆ:

“ಯಜಮಾನ್ರೆ, ನಿಮ್ದಕ್ಕೂ ಹಚ್ಯಾರಲ್ರಿ.”

“ಅದಾ... ಅದು ನಮ್ಮವ್ವ ಹಚ್ಚಿದ್ದು.”

“ಇದು ನನ್ನ ಮೊಮ್ಮಗಳು ಹಚ್ಚಿದ್ದು.”

ಪಕ್ಕದವರೊಬ್ಬರು ತಮ್ಮ ಜಾಕೀಟಿನ ಅಂಚನ್ನು ಮೆಲ್ಲಗೆ ಒಳಗೆ ಮಡಚಿದರು. ಇನ್ನೊಬ್ಬರು ನಕ್ಕುಬಿಟ್ಟರು. “ನಂದ್ರಾಗೂ ಐತೆ ತಗಳ್ರಪ್ಪ. ಮನ್ಯಾಗ ಹಚ್ಚದಂಗ ಬಿಡ್ತಾರೇನು?”

ಮಿರ್ಚಿ ಆರುವ ಮುಂಚೆ ಸಭೆ ಸೇರಿ, ಅರಿಶಿನ ಗುರುತಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ತೀರ್ಮಾನ ಮಾಡಿದರು. ನಿಮ್ಮಪ್ಪ ಜಾಕೀಟು ತೊಟ್ಟರು. ವಿಧವೆಯರಿಗೆ ನೆರಳಾಗುವವರು ಎಂಜಲು ತಟ್ಟೆಗಳನ್ನು ವಿಧವೆಗೇ ಬಿಟ್ಟು ದಾವಣಗೆರೆ ಕಡೆ ಗುಡುಗಿಕೊಂಡು ಹೋದರು. ಸಾಲಿನ ಕೊನೆಯಲ್ಲಿ ಹಳದಿ ಕೈವಾರ ತಿರುವಿನವರೆಗೂ ಕಾಣಿಸುತ್ತಿತ್ತು.

ಒಂದು ದಿನ ಆ ಪ್ಯಾಚು ಸಂಘಕ್ಕೆ ವಾಪಸು ಹೋಗುತ್ತದೆ, ಪುಟ್ಟಿಯ ಹೆಬ್ಬೆಟ್ಟಿನ ಸಮೇತ. ಈ ಹಾಳೆಗಳನ್ನು ಯಾರಿಗೂ ವಾಪಸು ಕೊಡಬೇಕಿಲ್ಲ. ಇಬ್ಬರೂ ಜೋಪಾನವಾಗಿಡಿ. ಇವುಗಳಿಗೂ ಅರಿಶಿನ ಹಚ್ಚಲೇಬೇಕೆಂದರೆ ಮೂಲೆಗೆ ಹಚ್ಚಿ. ಅಕ್ಷರದ ಮೇಲೆ ಬೇಡ.