ಒಳಗಿನ ಚಿಲಕ

ಹುಮನಾಬಾದಿನ ನಮ್ಮ ವೃದ್ಧಾಶ್ರಮದಲ್ಲಿ ನನ್ನ ಪಕ್ಕದ ಮಂಚ ಆಕೆಯದು. ಬಸವಕಲ್ಯಾಣದ ಸಂತೆಯಲ್ಲಿ ಕಾಳು ಮಾರಿದವಳು. ನಾನು ಐದಕ್ಕೆ ಎದ್ದು ಹಾಸಿಗೆ ಮಡಿಸುವಷ್ಟೇ ತಪ್ಪದೆ, ಆಕೆ ಕೋಣೆಗೆ ಬಂದಾಗಲೆಲ್ಲ ಒಳಗಿನ ಚಿಲಕ ಮುಟ್ಟಿ ನೋಡುತ್ತಿದ್ದಳು. "ಇರೋರು ನಾವು, ನಮಗ ಕೇಳ್ರಿ" ಎನ್ನುವುದು ಆಕೆಯ ಮಾತು.

ಮುದುಕರೊಬ್ಬರು ಹೇಳದೆ ಹೆದ್ದಾರಿಗೆ ಹೋದ ಮೇಲೆ, ವ್ಯವಸ್ಥಾಪಕರು ಬಾಗಿಲುಗಳಿಗೆ ಹೊರಗಿನಿಂದ ಚಿಲಕ ಹಾಕಿಸಲು ಹೊರಟರು. ಬೆಂಕಿ ಬಿದ್ದರೆ ಒಳಗೇ ಸಾಯುತ್ತೇವೆಂದು ಎಲ್ಲರೂ ಹೆದರಿದ್ದೆವು. ಚಹಾದ ಹೊತ್ತಿಗೆ ವ್ಯವಸ್ಥಾಪಕರು ಕೇಳಿದರು: "ಬ್ಯಾಡ ಅನ್ನೋರು ಕೈ ಎತ್ರಿ." ಒಂದು ಕೈಯೂ ಏಳಲಿಲ್ಲ. ಇಲ್ಲಿಂದ ಹೊರಗೆ ಹಾಕಿದರೆ ಹೋಗುವುದೆಲ್ಲಿಗೆ?

"ಹಿಂಗ ಕೇಳಿದ್ರ ಯಾರು ಹೇಳ್ತಾರ್ರಿ ಸಾಹೇಬ್ರ?" ಎನ್ನುತ್ತ ಆಕೆ ಎದ್ದಳು. ಅಡುಗೆಮನೆಯಿಂದ ಖಾಲಿ ಗಡಿಗೆ, ಒಂದಿಷ್ಟು ಕಾಳು ತಂದು, ಪ್ರತಿಯೊಬ್ಬರ ಕೈಗೂ ಒಂದು ಜೋಳದ ಕಾಳು, ಒಂದು ತೊಗರಿ ಬೇಳೆ ಹಾಕಿದಳು. "ಚಿಲಕ ಬೇಕಂದ್ರ ಜೋಳ, ಬ್ಯಾಡಂದ್ರ ತೊಗರಿ. ಒಂದ ಮುಷ್ಟ್ಯಾಗ ಹಿಡದು ಗಡಿಗಿ ಒಳಗ ಬಿಚ್ಚರಿ. ಉಳಿದದ್ದು ಬಾಯಾಗ ಹಾಕೊಳ್ರಿ."

"ಎಲೆಕ್ಷನ್ ನಡಸಾಕತ್ತೀಯೇನ್ ಆಯಿ?" ಎಂದರು ವ್ಯವಸ್ಥಾಪಕರು.

"ಹೌದ್ರಿ, ಶಾಯಿ ಒಂದ ಕಡಿಮಿ."

ಗಡಿಗೆ ನನ್ನ ಮುಂದೆ ಬಂದಾಗ ವ್ಯವಸ್ಥಾಪಕರು ನನ್ನನ್ನೇ ನೋಡುತ್ತಿದ್ದರು. ಕೈ ಒಳಗಿಟ್ಟು ಮುಷ್ಟಿ ಬಿಚ್ಚಿದೆ, ಉಳಿದದ್ದನ್ನು ಬೇಗ ಬಾಯಿಗೆ ಹಾಕಿಕೊಂಡೆ.

ಸುರಿದಾಗ ಜೋಳ ಒಂದೇ ಒಂದು, ಉಳಿದದ್ದೆಲ್ಲ ತೊಗರಿ. ಹೊರಗಿನ ಚಿಲಕದ ಮಾತು ಅಲ್ಲಿಗೆ ನಿಂತಿತು. ಎಲ್ಲರೂ ನಕ್ಕರು. ನಾನು ತುಟಿ ಬಿಚ್ಚಲಿಲ್ಲ. ನನ್ನ ನಾಲಿಗೆಯ ಕೆಳಗೆ ತೊಗರಿ ಬೇಳೆ ಇತ್ತು.

ಕೋಣೆಗೆ ಬಂದ ಆಕೆ ಒಳಗಿನ ಚಿಲಕ ಮುಟ್ಟಿದಳು. ನಂತರ ನೀರಿನ ಲೋಟ ನನ್ನ ಮುಂದಿಟ್ಟು, "ನುಂಗ್ರಿ ಅಕ್ಕಾರ" ಎಂದಳು.